ಮನೆಯವರು ಕೊನೆಯ ಪಂಕ್ತಿಗೆ

ನಮ್ಮ ನಾಗಲಿಂಗಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಒಂದು ಮಾತು ನಿಜವಾಗುವುದಕ್ಕೆ ಮೊದಲೇ ಅದನ್ನು ಹೇಳಿಬಿಡುವ ಮನುಷ್ಯ, ಅಷ್ಟೇ. ಹೆಂಡತಿಯ ತವರಿನಲ್ಲಿ, ಮಗುವಿನ ತೊಟ್ಟಿಲು ಶಾಸ್ತ್ರದ ದಿನ, ಬೀಗರೆಲ್ಲ ಸುತ್ತ ಕೂತಿದ್ದಾಗ ಅವನು ಎಲೆ ಅಡಿಕೆ ಹಾಕಿಕೊಳ್ಳುತ್ತ ಹೇಳಿದನಂತೆ: "ಕಂಪ್ಯೂಟರಿನ್ಯಾಗ ನಾ ಪರ್ಮಿಷನ್ ಕೊಡದಿದ್ರ ನಮ್ಮ ಜಿ.ಎಂ. ಸಾಹೇಬ್ರಿಗೆ ಸುದ್ದಾ ಫೈಲ್ ತಗ್ಯಾಕ ಬರಂಗಿಲ್ಲ."

ಆ ಹೊತ್ತಿಗೆ ಅವನು ಕಂಪ್ಯೂಟರ್ ಸೆಕ್ಷನ್ನಿಗೆ ಬಂದು ವಾರವೂ ಆಗಿರಲಿಲ್ಲ. ಪ್ರಿಂಟರಿನಿಂದ ಬಂದ ಕಾಗದವನ್ನು ತೂತಿನ ಅಂಚು ನೋಡಿ ಹರಿಯುವುದು, ಟರ್ಮಿನಲ್ ಮೇಲಿನ ಧೂಳು ಒರೆಸುವುದು, ಇವೆರಡೇ ಅವನ ಅಧಿಕಾರ. ಆದರೆ ಮಳೆಗಾಲ ಮುಗಿಯುವುದರೊಳಗೆ ಅವನ ಮಾತು ಅಕ್ಷರಶಃ ನಿಜವಾಯಿತು. ಜಿ.ಎಂ. ಸಾಹೇಬರಿಗೆ ನಿಜಕ್ಕೂ ಫೈಲು ತೆರೆಯಲಾಗಲಿಲ್ಲ. ಹೀಗೆ ನುಡಿದದ್ದು ನಡೆದುಬಿಡುವ ಮಹಿಮೆ ಹಿಂದೆ ಋಷಿಗಳಿಗೆ ಇತ್ತೆಂದು ಕೇಳಿದ್ದೇನೆ. ಆರ್.ಟಿ. ನಗರದಲ್ಲಿ ನಾನು ಕಂಡದ್ದು ಇವನೊಬ್ಬನನ್ನೇ.

ಇದು ಎಂಬತ್ತಾರನೇ ಇಸವಿಯ ಮಾತು. ನಾವಿಬ್ಬರೂ ಯಶವಂತಪುರದ ಒಂದು ಪಂಪು ಕಾರ್ಖಾನೆಯಲ್ಲಿದ್ದೆವು. ನಾನು ಡಿಸ್ಪ್ಯಾಚಿನಲ್ಲಿ, ಅವನು ಕಂಪ್ಯೂಟರಿನಲ್ಲಿ. ಆರ್.ಟಿ. ನಗರದಲ್ಲಿ ಗಂಗರತ್ನಮ್ಮನವರ ವಠಾರದಲ್ಲಿ ನಮ್ಮ ಮನೆಗಳಿಗೆ ನಡುವೆ ಇದ್ದದ್ದು ಒಂದೇ ಗೋಡೆ. ಅವನು ರಾತ್ರಿ ನಿಟ್ಟುಸಿರು ಬಿಟ್ಟರೆ ನಮ್ಮ ಮನೆಯ ಕ್ಯಾಲೆಂಡರು ಅಲುಗುತ್ತಿತ್ತು.

ನಿಟ್ಟುಸಿರಿಗೆ ಕಾರಣವಿತ್ತು. ಹೆಂಡತಿ ಚಂದ್ರವ್ವ ಹೆರಿಗೆಗೆಂದು ಗದಗಿನ ಕಡೆಯ ತನ್ನ ಊರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಮಗುವಿಗೆ ಹಲ್ಲು ಬಂತು, ಬೋರಲು ಬಿದ್ದು ತೆವಳಿತು, ಅಪ್ಪನ ಮುಖ ಮಾತ್ರ ಅದಕ್ಕೆ ಗುರುತಿಲ್ಲ. ಹುಡುಗಿಗೆ ಬರುವ ಮನಸ್ಸಿತ್ತು. ಕಳಿಸದೆ ಕೂತಿದ್ದವರು ಅವಳಪ್ಪ ವೀರಬಸಪ್ಪನವರು. ಮದುವೆಯಾದ ಹೊಸತರಲ್ಲಿ ನಾಗಲಿಂಗಪ್ಪ ನಾಗಸಂದ್ರದಲ್ಲಿದ್ದ ಕಾರ್ಖಾನೆಯ ಗೋದಾಮಿನಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ. ಗೋದಾಮಿನ ಹಿಂದಿನ ಕೋಣೆಯಲ್ಲೇ ಸಂಸಾರ. ಹೆರಿಗೆಗೆ ಮಗಳನ್ನು ಕರೆದೊಯ್ಯಲು ಬಂದ ವೀರಬಸಪ್ಪನವರ ಕಂಬಳಿಯನ್ನು ಮೊದಲ ರಾತ್ರಿಯೇ ಹೆಗ್ಗಣ ಎಳೆದುಕೊಂಡು ಹೋಗಿತ್ತು. ಅವರು ಮಗಳನ್ನು ಬೈಯಲಿಲ್ಲ, ಅಳಿಯನನ್ನೂ ಬೈಯಲಿಲ್ಲ. "ನೌಕರಿ ಛಲೋತಂಗ ಕಾಯಂ ಆಗಲಿ. ನಾನ ಬಂದು ಕಣ್ಣಾರೆ ನೋಡ್ತೇನಿ. ಆಮ್ಯಾಲೆ ಕೂಸು ಬಾಣಂತಿ ಕಳಸ್ತೇನಿ" ಎಂದಷ್ಟೇ ಹೇಳಿ ಮಗಳೊಡನೆ ರೈಲು ಹತ್ತಿದರು.

ಕಂಪ್ಯೂಟರ್ ಸೆಕ್ಷನ್ನಿನಲ್ಲಿ ನಾಗಲಿಂಗಪ್ಪನಿಗೆ ಸಿಕ್ಕಿದ್ದು ಪರೀಕ್ಷೆಯ ಮೇಲಿನ ಕೆಲಸ. ಸೆಕ್ಷನ್ ಮುಖ್ಯಸ್ಥ ವಾಜಿದ್ ಸಾಹೇಬರು ಒಳ್ಳೆಯ ಮಾತು ಬರೆದುಕೊಟ್ಟರೆ ಕಾಯಂ. ಇಲ್ಲವಾದರೆ ಮತ್ತೆ ನಾಗಸಂದ್ರ, ಅದೇ ಗೋದಾಮು, ಅದೇ ಹೆಗ್ಗಣ. ಅಂದಮೇಲೆ ಅವನಿಗೂ ಚಂದ್ರವ್ವನಿಗೂ ನಡುವೆ ಇದ್ದದ್ದು ಒಂದೇ ಒಂದು ಒಳ್ಳೆಯ ಕೆಲಸ.

ಆ ಕೆಲಸ ಬಂದದ್ದು ಬಸ್ಸಿನ ರೂಪದಲ್ಲಿ.

ನಮ್ಮ ಕಾರ್ಖಾನೆಯ ಬಸ್ಸುಗಳು ಯಾವ ದಾರಿಯಲ್ಲಿ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಕಂಪ್ಯೂಟರಿನ ಒಂದು ಫೈಲಿನಲ್ಲಿರುತ್ತಿತ್ತು. ಸಂಜೆ ಅದರ ಶೀಟು ಪ್ರಿಂಟಾಗಿ ಡ್ರೈವರ ಕೈಸೇರುತ್ತಿತ್ತು. ಫೈಲು ಟ್ರಾನ್ಸ್‌ಪೋರ್ಟಿನ ಖಾದರ್ ಬಾಷಾ ಸಾಹೇಬರದು. ಕಾರ್ಖಾನೆಗೆ ಅಡಿಪಾಯ ತೋಡುವಾಗ ಮಣ್ಣು ಹೊತ್ತ ಲಾರಿಯ ಡ್ರೈವರಾಗಿ ಬಂದು ಸೂಪರ್‌ವೈಸರ್ ಆದ ಹಿರಿಯರು. ಒಂದೇ ಬೆರಳಲ್ಲಿ ಟೈಪು ಮಾಡುತ್ತಿದ್ದರು. ಆದರೆ ಟರ್ಮಿನಲ್ ಇದ್ದ ಯಾವ ಅಧಿಕಾರಿ ಬೇಕಾದರೂ ಆ ಫೈಲು ತೆರೆದು ತಿದ್ದಬಹುದಿತ್ತು. ಮೊದಲು ಒಬ್ಬರು ತಮ್ಮ ಮನೆಯ ಗೇಟಿಗೆ ಸ್ಟಾಪು ಹಾಕಿಕೊಂಡರು. ಅದನ್ನು ನೋಡಿ ಇನ್ನೊಬ್ಬರು ಬಸ್ಸನ್ನು ವಿದ್ಯಾರಣ್ಯಪುರಕ್ಕೆ ತಿರುಗಿಸಿದರು. ಆರ್.ಟಿ. ನಗರದಿಂದ ಮೇಖ್ರಿ ಸರ್ಕಲ್ ಹಾದು ನೆಟ್ಟಗೆ ಯಶವಂತಪುರಕ್ಕೆ ಬರಬೇಕಾದ ನಮ್ಮ ಬಸ್ಸು ಹೆಬ್ಬಾಳದ ಕೆರೆ, ಕೊಡಿಗೇಹಳ್ಳಿ ಗೇಟು ಎಲ್ಲ ತೋರಿಸಿಕೊಂಡು, ಸೈರನ್ ಹೊಡೆದ ಮೇಲೆ ಬಂದು ಮುಟ್ಟುತ್ತಿತ್ತು.

ಡ್ರೈವರ್ ಮುನಿಆಂಜಿನಪ್ಪನನ್ನು ಕೇಳಿದರೆ ಒಂದೇ ಉತ್ತರ. "ಶೀಟ್ನಾಗೆ ಎಂಗೈತೋ ಅಂಗೆ ಓಡ್ಸೋನು ಕಣಣ್ಣ ನಾನು. ಶೀಟ್ನಾಗೆ ಕೆರೆ ಒಳಿಕ್ಕೆ ಓಗು ಅಂತ ಇದ್ರೆ ಓಯ್ತೀನಿ. ಈಜು ನೀವು ಕಲ್ಕೊಳಿ."

ಕೊನೆಗೆ ಜಿ.ಎಂ. ಸಾಹೇಬರು ವಾಜಿದ್‌ರನ್ನು ಕರೆಸಿ ಆಜ್ಞೆ ಮಾಡಿದರು: ಫೈಲನ್ನು ಖಾದರ್ ಬಾಷಾ ತಿದ್ದಬೇಕು, ತಾವು ಮತ್ತು ಕಂಪ್ಯೂಟರ್ ಸೆಕ್ಷನ್ನಿನವರು ಮೇಲ್ವಿಚಾರಣೆಗೆ ತೆರೆಯಬಹುದು, ಉಳಿದ ಯಾವ ನರಪಿಳ್ಳೆಯೂ ಮುಟ್ಟಕೂಡದು. ಮದರಾಸಿನ ಟ್ರೇನಿಂಗಿಗೆ ಹೊರಟಿದ್ದ ವಾಜಿದ್ ಸಾಹೇಬರು ಪೆಟ್ಟಿಗೆ ಕೈಯಲ್ಲಿ ಹಿಡಿದೇ ಈ ಕೆಲಸವನ್ನು ನಾಗಲಿಂಗಪ್ಪನಿಗೆ ಒಪ್ಪಿಸಿದರು.

"ನೋಡ್ರೀ ನಾಗಲಿಂಗಪ್ಪ, ಪ್ರೋಗ್ರಾಮಲ್ಲಿ ಒಂದು ಫಂಕ್ಷನ್ ಇದೆ. ಅದಕ್ಕೆ ಫೈಲ್ ಹೆಸರು ಕೊಡಿ, ಯಾರ್ಯಾರಿಗೆ ಏನೇನು ಪರ್ಮಿಷನ್ ಅಂತ ಒಂದು ಪಟ್ಟಿ ಕೊಡಿ. ಅದು ಹಳೇದೆಲ್ಲ ತೆಗೆದು ನಿಮ್ಮ ಪಟ್ಟೀನ ಫೈಲಿಗೆ ಅಂಟಿಸ್ತದೆ. ಯಾರಾದ್ರೂ ಫೈಲ್ ತೆಗೆಯೋಕೆ ಬಂದ್ರೆ ಮೆಷಿನ್ನು ಪಟ್ಟೀನ ಮೇಲಿಂದ ಓದ್ಕೊಂಡು ಬರ್ತದೆ. ಅದಕ್ಕೇ ಯಾರ ಹೆಸರು ಮೊದಲು, ಯಾರದು ಆಮೇಲೆ ಅನ್ನೋದು ಇಂಪಾರ್ಟೆಂಟು. ಯೋಚ್ನೆ ಮಾಡಿ ಹಾಕ್ರೀ. ಇದು ಸರಿಯಾದ್ರೆ ಬಂದ ತಕ್ಷಣ ನಿಮ್ದು ಕಾಯಂಗೆ ಬರೀತೀನಿ."

ಆಟೋ ಹೊರಟಿತು. ಯಾಕೆ ಇಂಪಾರ್ಟೆಂಟು ಎಂಬ ಮಾತು ಆಟೋದಲ್ಲೇ ಉಳಿಯಿತು.

ನಾಗಲಿಂಗಪ್ಪನಿಗೆ ಅದನ್ನು ಕೇಳುವ ಅಗತ್ಯವೂ ಕಾಣಲಿಲ್ಲ. ಮೊದಲು ಯಾರು, ಆಮೇಲೆ ಯಾರು ಎಂಬ ಶಾಸ್ತ್ರವನ್ನು ಅವನಿಗೆ ಇನ್ನೊಬ್ಬರು ಕಲಿಸಬೇಕೆ? ಅವನ ಮಾವ ಊರಿನ ಮಠದ ದಾಸೋಹದ ಉಸ್ತುವಾರಿ. ಮದುವೆಗೆ ಮುಂಚೆಯೂ ನಾಗಲಿಂಗಪ್ಪ ಅಲ್ಲಿ ಸಾರಿನ ಬಕೀಟು ಹಿಡಿದು ಪಂಕ್ತಿಯ ತುದಿಯಿಂದ ತುದಿಗೆ ಓಡಾಡಿದವನು. ಅವನು ಬಡಿಸುವುದನ್ನು ನೋಡಿಯೇ ವೀರಬಸಪ್ಪನವರು ಹೆಣ್ಣು ಕೊಟ್ಟಿದ್ದರು.

ಮೂರು ಸಂಜೆ ಅವನು ನಮ್ಮ ಮನೆಯ ಜಗಲಿಯಲ್ಲಿ ಕೂತು ಯೋಚಿಸಿದ. ನಾನು ಕಣ್ಣಾರೆ ಕಂಡಿದ್ದೇನೆ, ಮದುವೆಯ ಲಗ್ನಪತ್ರಿಕೆಗೂ ಯಾರೂ ಇಷ್ಟು ತಲೆ ಕೆಡಿಸಿಕೊಂಡಿರಲಾರರು.

"ಖಾದರ್ ಬಾಷಾ ಸಾಹೇಬ್ರು ಹಿರ್ಯಾರು. ಫೈಲೂ ಅವರದ. ಅವರನ್ನ ಮೊದಲು ಕೂಡಸಬೇಕು, ಹೌದಲ್ಲೋ?" ಎಂದ.

"ನ್ಯಾಯವೇ ಕಣೋ" ಎಂದೆ.

"ಹಿರ್ಯಾರಿಗೆ ಅರ್ಧಾ ಬಡಸಬಾರದು. ಓದೂದು, ತಿದ್ದೂದು, ಪಟ್ಟಿನ ಬದಲ ಮಾಡೂದು, ಎಲ್ಲಾ ಪರ್ಮಿಷನ್ ಕೊಟ್ಟೆ. ಆಮ್ಯಾಲೆ ಊರವರು. ಅಂದ್ರ ಕಾರ್ಖಾನ್ಯಾಗಿನ ಎಲ್ಲಾರೂ. ಅವರಿಗೆ ಇಲ್ಲ. ಇಲ್ಲ ಅನ್ನೂದನ್ನ ಲಗೂನ ಹೇಳಿಬಿಡಬೇಕು, ಕಾಯಿಸಿ ಕಾಯಿಸಿ ಇಲ್ಲ ಅನಬಾರದು. ಅವರದೆಲ್ಲಾ ಆದಮ್ಯಾಲೆ ಮನಿಯವರು. ನಾನು, ವಾಜಿದ್ ಸಾಹೇಬ್ರು. ಎಲ್ಲಾರಿಗಿಂತಾ ಕಡೀಗೆ ಯಜಮಾನ್ರು, ಜಿ.ಎಂ. ಸಾಹೇಬ್ರು."

"ಜಿ.ಎಂ. ಕೊನೆಗಾ?"

"ಮತ್ತ? ಮಂದಿ ಉಣ್ಣೂದಕ್ಕಿಂತ ಮೊದಲ ಯಜಮಾನ ಉಂಡರ ಅದು ಮನಿ ಏನೋ? ಖಾನಾವಳಿ."

ನನಗೆ ಕಣ್ಣು ತುಂಬಿ ಬಂತು. ಇಂಗ್ಲಿಷಿನವರು ಮಾಡಿದ ಯಂತ್ರದೊಳಕ್ಕೆ ನಮ್ಮ ಮರ್ಯಾದೆಯನ್ನು ಹೀಗೆ ಇಳಿಸಿದವನು ಬೇರೆ ಯಾರಿದ್ದಾನು ಎಂದು ನನ್ನ ಹೆಂಡತಿಗೂ ಹೇಳಿದೆ. ಗಂಗರತ್ನಮ್ಮನವರು ಅದನ್ನು ಕೇಳಿಸಿಕೊಂಡು, "ಅವನಿಗೆ ಬಾಡಿಗೆ ಏರಿಸ್ಬಾರ್ದು ಅನ್ಸುತ್ತೆ ಕಣ್ರೀ" ಎಂದರು. ಆ ಬಾಯಿಂದ ಬಂದ ಮೆಚ್ಚುಗೆಗಳಲ್ಲಿ ಅದೇ ದೊಡ್ಡದು.

ಶನಿವಾರ ಮಧ್ಯಾಹ್ನ ಅವನು ಪ್ರೋಗ್ರಾಮು ಓಡಿಸಿದ. ಪಟ್ಟಿ ಫೈಲಿಗೆ ಅಂಟಿಕೊಂಡಿತು. ಪರೀಕ್ಷೆಯನ್ನೂ ಮಾಡಿದ. ಖಾದರ್ ಬಾಷಾ ಹೆಸರಿನಲ್ಲಿ ಫೈಲು ತೆರೆಯಿತು. ಸ್ಟೋರ್ಸಿನ ಗುಮಾಸ್ತನ ಹೆಸರಿನಲ್ಲಿ 'ಅನುಮತಿ ಇಲ್ಲ' ಎಂದಿತು. ತನ್ನ ಹೆಸರಿನಲ್ಲಾಗಲಿ, ಜಿ.ಎಂ. ಹೆಸರಿನಲ್ಲಾಗಲಿ ತೆರೆದು ನೋಡಲಿಲ್ಲ. ಊಟದ ಮನೆಯಲ್ಲಿ ಮನೆಯವರು ಉಂಡರೇ ಎಂದು ಯಾರು ಪರೀಕ್ಷೆ ಮಾಡುತ್ತಾರೆ? ಅದೇ ಸಂಜೆ ಊರಿನ ಅಂಗಡಿಗೆ ಫೋನು ಮಾಡಿ ಮಾವನಿಗೆ ಬರಹೇಳಿದ.

ಈಗ ಅಪ್ಪಾಸಾಹೇಬರ ವಿಷಯಕ್ಕೆ ಬರಬೇಕು. ಇವರು ಪರ್ಚೇಸ್ ಸೂಪರಿಂಟೆಂಡೆಂಟು, ಬೆಳಗಾವಿ ಕಡೆಯವರು, ಮಗಳ ನಿಶ್ಚಿತಾರ್ಥವನ್ನು ಸೋಮವಾರ ಬೆಳಿಗ್ಗೆ ಅಬ್ಬಿಗೆರೆಯಲ್ಲಿ ಇಟ್ಟುಕೊಂಡಿದ್ದರು. ಆರ್.ಟಿ. ನಗರದಲ್ಲಿ ಇಳಿದುಕೊಂಡಿದ್ದ ನೆಂಟರನ್ನು ಅಲ್ಲಿಗೆ ಸಾಗಿಸಲು ಟ್ಯಾಕ್ಸಿ ಯಾಕೆ ಎಂದು ಶನಿವಾರ ಬೆಳಿಗ್ಗೆ ಗುಟ್ಟಾಗಿ ಫೈಲು ತೆರೆದು, 'ಸೋಮವಾರ: ಆರ್.ಟಿ. ನಗರದಿಂದ ನೇರ ಅಬ್ಬಿಗೆರೆ, ನಡುವೆ ಸ್ಟಾಪಿಲ್ಲ, ಊಟ ಮುಗಿಯುವ ತನಕ ನಿಲ್ಲುವುದು' ಎಂದು ಬರೆದರು. ನೌಕರರನ್ನು ಬೇರೆ ಬಸ್ಸು ತರಬೇಕು ಎಂಬ ಎರಡನೇ ಸಾಲನ್ನು ಚಹಾ ಕುಡಿದು ಬಂದು ಬರೆಯೋಣವೆಂದು ಎದ್ದರು. ಚಹಾದ ಜೊತೆ ಹರಟೆ ಸೇರಿತು, ಹರಟೆಯ ಜೊತೆ ಊಟದ ಹೊತ್ತಾಯಿತು. ಬಂದು ನೋಡಿದರೆ 'ಅನುಮತಿ ಇಲ್ಲ'. ಕಳ್ಳನಿಗೆ ಚೇಳು ಕುಟುಕಿದರೆ ಕೂಗುವುದು ಹೇಗೆ? ಅವರು ಬಾಯಿ ಮುಚ್ಚಿಕೊಂಡು ಮನೆಗೆ ಹೋದರು.

ಸೋಮವಾರ ಬೆಳಗಿನ ರೈಲಿಗೆ ವೀರಬಸಪ್ಪನವರು ಬಂದಿಳಿದರು. ತಲೆಗೆ ಬಿಳಿ ಪಟಗ, ಕೈಯಲ್ಲಿ ಕಡಕ್ ರೊಟ್ಟಿಯ ಗಂಟು, ಕಂಬಳಿ ಮಾತ್ರ ಈ ಸಲ ತಂದಿರಲಿಲ್ಲ. ಗಂಗರತ್ನಮ್ಮನವರು ಕಾಫಿ ಕೊಟ್ಟು, "ನಿಮ್ಮ ಅಳಿಯ ಅಂದ್ರೆ ಸಾಮಾನ್ಯ ಅಲ್ಲ ಕಣ್ರೀ. ಇಡೀ ಫ್ಯಾಕ್ಟರಿಗೆ ಬೀಗ ಜಡಿದಿದ್ದಾನೆ" ಎಂದು ಬಾಯಿತುಂಬ ಹೊಗಳಿದರು. ವೀರಬಸಪ್ಪನವರು "ನೋಡೂಣು" ಎಂದರು.

ಅದೇ ಬಸ್ಸಿಗೆ ಬರುತ್ತಿದ್ದ ಖಾದರ್ ಬಾಷಾ ಸಾಹೇಬರ ಅಪ್ಪಣೆ ಪಡೆದು ಮಾವನನ್ನೂ ಕಾರ್ಖಾನೆಯ ಬಸ್ಸಿಗೆ ಹತ್ತಿಸಿದೆವು. ಬಸ್ಸಿನೊಳಗೆ ನಮ್ಮ ನೌಕರರ ಜೊತೆ ರೇಷ್ಮೆ ಸೀರೆಯ ಹೆಂಗಸರು, ಹಣ್ಣಿನ ತಟ್ಟೆಗಳು, ಜರಿ ಟೋಪಿಯ ಒಂದು ಮಗು. ಹೊಸ ಶಿಫ್ಟಿನವರಿರಬೇಕು ಎಂದುಕೊಂಡೆ ನಾನು.

ಬಸ್ಸು ಆವತ್ತು ಎಲ್ಲೂ ಸುತ್ತದೆ ಬಾಣದ ಹಾಗೆ ಯಶವಂತಪುರಕ್ಕೆ ಬಂತು. "ನೋಡ್ರಿ ಮಾವಾರ, ನನ್ನ ಪಟ್ಟಿ ಪ್ರಭಾವ" ಎಂದ ನಾಗಲಿಂಗಪ್ಪ. ಎದುರಿಗೆ ಕಾರ್ಖಾನೆ ಕಾಣಿಸಿತು. ವಾಚ್‌ಮನ್ ಪಂಚಪ್ಪ ಗೇಟು ತೆರೆದು ಸಲಾಮು ಹೊಡೆದ. ಬಸ್ಸು ಅವನ ಸಲಾಮು ಸ್ವೀಕರಿಸಿ ಮುಂದೆ ಹೋಯಿತು.

ಎಲ್ಲರೂ ಒಟ್ಟಿಗೆ ಕೂಗಿದರು. ಮುನಿಆಂಜಿನಪ್ಪ ತಿರುಗಿ ನೋಡದೆ ಶೀಟನ್ನು ಮೇಲೆತ್ತಿ ತೋರಿಸಿದ. "ನೇರ ಅಬ್ಬಿಗೆರೆ. ನಡುವೆ ಸ್ಟಾಪಿಲ್ಲ. ಓದಕ್ಕೆ ಬರೋರು ಓದ್ಕೊಳಿ."

ಖಾದರ್ ಬಾಷಾ ಸಾಹೇಬರು ಕನ್ನಡಕ ಹಾಕಿಕೊಂಡು ಶೀಟು ಓದಿದರು. ಶನಿವಾರ ಅದನ್ನು ನೋಡದೆ ಡ್ರೈವರಿಗೆ ಕಳಿಸಿದ್ದವರು ಅವರೇ. "ಶೀಟ್ ಸರಿಯಾಗೇ ಇದೆ. ಊಟ ಕೂಡ ಇದೆ ಅಂತ ಕಾಣ್ತದೆ" ಎಂದು ಮಡಚಿ ಕೊಟ್ಟರು. ಕಂಪನಿ ಬಸ್ಸು ಕರೆದುಕೊಂಡು ಹೋದ ಕಡೆ ಹೋಗುವುದು ಡ್ಯೂಟಿಯೇ ಎಂದು ಮೋಟಾರಿಗೆ ತಂತಿ ಸುತ್ತುವ ವೈಂಡಿಂಗ್ ಸೆಕ್ಷನ್ನಿನವರು ತೀರ್ಮಾನಿಸಿದರು. ಜಾಲಹಳ್ಳಿ ದಾಟುವಾಗ ಅರ್ಧ ಬಸ್ಸು ಹಾಡು ಹೇಳುತ್ತಿತ್ತು.

ಅಬ್ಬಿಗೆರೆಯ ಚಪ್ಪರದ ಬಾಗಿಲಲ್ಲಿ ಪನ್ನೀರು ಹಿಡಿದು ನಿಂತಿದ್ದ ಅಪ್ಪಾಸಾಹೇಬರು ತಮ್ಮ ನೆಂಟರ ಹಿಂದೆ ಇಳಿದ ಇಡೀ ವೈಂಡಿಂಗ್ ಸೆಕ್ಷನ್ನನ್ನು ನೋಡಿ ಪನ್ನೀರುದಾನಿಯನ್ನು ತಮ್ಮ ಮುಖಕ್ಕೇ ತಿರುಗಿಸಿಕೊಂಡರು. ಆದರೆ ಬಾಗಿಲಿಗೆ ಬಂದವರನ್ನು ಹಿಂದೆ ಕಳಿಸುವ ಮನುಷ್ಯರಲ್ಲ ಅವರು. "ಬರ್ರಿ, ಬರ್ರಿ. ನಿಮ್ಮದ ಮನಿ" ಎಂದರು. ಶಾಸ್ತ್ರ ಮುಗಿಯಿತು. ಊಟಕ್ಕೆ ಎಲೆ ಹಾಕಿದರು. ಅಡುಗೆಯವರು ಇಷ್ಟು ಜನರನ್ನು ನೋಡಿ ಗಾಬರಿಯಾದರು. ಬಡಿಸುವವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ವೀರಬಸಪ್ಪನವರಿಗೆ ಅದನ್ನು ನೋಡುತ್ತ ಕೂರಲಾಗಲಿಲ್ಲ. ಪಟಗ ಬಿಚ್ಚಿ ಸೊಂಟಕ್ಕೆ ಕಟ್ಟಿ ಎದ್ದರು. "ಪಲ್ಯ ಈ ಕಡಿಂದ. ಅನ್ನ ಆ ಕಡಿಂದ. ಹಿರ್ಯಾರು ಮೊದಲ ಪಂಕ್ತಿಗೆ." ಅಳಿಯನೂ ತಾನಾಗಿ ಬಕೀಟು ಹಿಡಿದ. ಸ್ವಲ್ಪ ಹೊತ್ತಿನಲ್ಲಿ ಆ ಚಪ್ಪರ ಒಂದು ಮಠವಾಯಿತು.

ಖಾದರ್ ಬಾಷಾ ಸಾಹೇಬರ ಎಲೆಗೆ ಎರಡನೇ ಹೋಳಿಗೆ ಬಿದ್ದ ಹೊತ್ತಿಗೆ ಹೊರಗೆ ಕಾರು ನಿಂತಿತು. ಜಿ.ಎಂ. ಸಾಹೇಬರು ಇಳಿದರು. ಪಂಚಪ್ಪನಿಂದ ಬಸ್ಸು ಹೋದ ದಿಕ್ಕು ತಿಳಿದುಕೊಂಡು, ಎದುರಾದವರನ್ನೆಲ್ಲ ಕೇಳಿಕೊಂಡು ಬಂದಿದ್ದರು. ಅಪ್ಪಾಸಾಹೇಬರು ಒಂದು ಕಂಬದ ಹಿಂದೆ ಸರಿದರು. ಜಿ.ಎಂ. ಮಾತ್ರ ಅವರ ಕಡೆ ನೋಡಲೇ ಇಲ್ಲ. ನೇರವಾಗಿ ಸಾರಿನ ಬಕೀಟಿನ ಮುಂದೆ ಬಂದು ನಿಂತರು.

"ನಾಗಲಿಂಗಪ್ಪ, ಬೆಳಿಗ್ಗೆಯಿಂದ ನಾನು ಆ ಬಸ್ ಫೈಲ್ ತೆಗೆಯೋಕೆ ಹೆಣಗ್ತಾ ಇದೀನಿ. ನನಗೇ ಪರ್ಮಿಷನ್ ಇಲ್ಲ ಅಂತಿದೆಯಲ್ಲಪ್ಪ."

ವೀರಬಸಪ್ಪನವರ ಕೈಯಲ್ಲಿದ್ದ ಹೋಳಿಗೆಯ ತಟ್ಟೆ ಹಾಗೇ ನಿಂತಿತು. ಅವರು ಜಿ.ಎಂ. ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು: ಸೂಟು, ಬೂಟು, ಹೊರಗೆ ಕಾರು. ಆಮೇಲೆ ಅಳಿಯನನ್ನು ನೋಡಿದರು. ತೊಟ್ಟಿಲ ದಿನ ಕೇಳಿದ ಮಾತು ಕಣ್ಣ ಮುಂದೆ ನಿಂತಿತ್ತು. ಆ ಮುದುಕರ ಮುಖದಲ್ಲಿ ಅರಳಿದ ಹೆಮ್ಮೆಯನ್ನು ನಾನು ಇವತ್ತಿಗೂ ಮರೆತಿಲ್ಲ. ಅವರು ಅಳಿಯನ ಹತ್ತಿರ ಬಂದು ದನಿ ತಗ್ಗಿಸಿ, ಆದರೆ ಮೂರು ಪಂಕ್ತಿಗೆ ಕೇಳುವಂತೆ ಶಿಫಾರಸು ಮಾಡಿದರು.

"ಅಳಿಯಂದ್ರ, ಪಾಪ, ದೊಡ್ಡವರು ಅದಾರ. ಬಿಸಲಾಗ ಬಂದಾರ. ಇದೊಂದ್ ಸಲ ಕೊಟ್ಟುಬಿಡ್ರಿ."

ಜಿ.ಎಂ. ಸಾಹೇಬರಿಗೆ ಜೀವಮಾನದಲ್ಲಿ ಯಾರೂ ಹೀಗೆ ಶಿಫಾರಸು ಮಾಡಿರಲಿಲ್ಲವೆಂದು ಕಾಣುತ್ತದೆ. ಅವರು ತಡವರಿಸಿ, "ಥ್ಯಾಂಕ್ಸ್" ಎಂದುಬಿಟ್ಟರು.

ನಾಗಲಿಂಗಪ್ಪ ಆಗ "ಆಯ್ತ್ರಿ, ಕೊಡ್ತೀನಿ" ಎಂದಿದ್ದರೆ ಮಾವನ ಮುಂದೆ ಅವನ ಮರ್ಯಾದೆ ಮುಗಿಲು ಮುಟ್ಟುತ್ತಿತ್ತು. ಚಂದ್ರವ್ವ ಮರುದಿನವೇ ರೈಲು ಹತ್ತುತ್ತಿದ್ದಳು. ಅವನು ಬಕೀಟು ಕೆಳಗಿಟ್ಟ.

"ನನಗೂ ಬರಂಗಿಲ್ರಿ ಸರ್. ನಿಮಗ ಇಲ್ಲ ಅಂದಿದ್ದು ಕೇಳಿದಮ್ಯಾಲೆ ಈಗ ತಿಳೀತು. ಮೆಷಿನ್ನು ಪಟ್ಟಿನ ಮ್ಯಾಲಿಂದ ಓದ್ತೈತ್ರಿ. ನಮ್ಮ ಹೆಸರು ಬರೂದಕ್ಕಿಂತ ಮೊದಲ 'ಎಲ್ಲಾರಿಗೂ ಇಲ್ಲ' ಅನ್ನೂ ಸಾಲು ಸಿಗತೈತಿ. ಎಲ್ಲಾರೂ ಅಂದ್ರ ಅದರಾಗ ನಾವೂ ಬಂದಿವಿ. ಅಲ್ಲಿಗೆ ಬಾಗಲಾ ಹಾಕ್ಕೋತೈತಿ. ಕೆಳಗ ನಾವು ಕುಂತೀವಿ ಅನ್ನೂದನ್ನ ಅದು ನೋಡೂದ ಇಲ್ರಿ. ತಪ್ಪು ನಂದ."

ವೀರಬಸಪ್ಪನವರ ಮುಖದ ಹೆಮ್ಮೆ ಮೆಲ್ಲಗೆ ಇಳಿಯಿತು. ನನ್ನ ಕಿವಿಯಲ್ಲಿ ನಾಗಸಂದ್ರದ ಹೆಗ್ಗಣ ಓಡಾಡಿತು.

"ಹಾಗಾದ್ರೆ ಆ ಫೈಲ್ ಯಾರಿಗೆ ತೆಗೆಯೋಕಾಗುತ್ತೆ?" ಎಂದರು ಜಿ.ಎಂ.

ನಾಗಲಿಂಗಪ್ಪ ಮೊದಲ ಪಂಕ್ತಿಯ ಕಡೆ ಕೈ ತೋರಿಸಿದ. ಖಾದರ್ ಬಾಷಾ ಸಾಹೇಬರು ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

"ಬಾಷಾ ಅವರೇ, ಏಳ್ರೀ ಹೋಗೋಣ."

"ಅರೇ ಸಾಬ್, ಎಲೆ ಮುಂದೆ ಕೂತವನು ಅರ್ಧಕ್ಕೆ ಎದ್ದರೆ ಹುಡುಗಿಗೆ ಒಳ್ಳೇದಾಗಲ್ಲ. ಮಜ್ಜಿಗೆ ಬರಲಿ. ನೀವೂ ಕೂತ್ಕೊಳ್ಳಿ" ಎಂದರು ಆ ಸರ್ವಾಧಿಕಾರಿ.

ಜಿ.ಎಂ. ಸಾಹೇಬರಿಗೆ ಬೇರೆ ದಾರಿ ಇರಲಿಲ್ಲ. ಬೂಟು ಬಿಚ್ಚಿ ಚಕ್ಕಲಮಕ್ಕಲ ಹಾಕಿ ಕೂತರು. ವೀರಬಸಪ್ಪನವರು ಅವರ ಎಲೆಗೆ ತಾವೇ ಬಡಿಸಿದರು. ಹೊಟ್ಟೆಗೆ ಎರಡು ತುತ್ತು ಬಿದ್ದ ಮೇಲೆ ಜಿ.ಎಂ. ದನಿ ಸ್ವಲ್ಪ ತಣ್ಣಗಾಯಿತು. "ಅಲ್ಲಪ್ಪ ನಾಗಲಿಂಗಪ್ಪ, ಎಲ್ಲ ಬಿಟ್ಟು ನನ್ನನ್ನ ಪಟ್ಟಿ ಕೊನೆಗೆ ಯಾಕೆ ಹಾಕಿದೆ?"

ಅವನು ತಲೆ ತಗ್ಗಿಸಿಯೇ ಹೇಳಿದ. "ನೀವು ಯಜಮಾನ್ರು ಅಂತ್ರಿ. ಮಂದಿ ಉಂಡಮ್ಯಾಲೆ ಮನಿಯವರು ಕೂಡಬೇಕಲ್ರಿ."

ಕಂಬದ ಹಿಂದಿನಿಂದ ಅಪ್ಪಾಸಾಹೇಬರು ಇಣುಕಿದರು. ಮನೆಯ ಯಜಮಾನರಾದ ಅವರು ಬೆಳಗಿನಿಂದ ಒಂದು ಹನಿ ನೀರು ಕುಡಿಯದೆ ಓಡಾಡುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು.

ಜಿ.ಎಂ. ಸಾಹೇಬರು ನಗಲು ಶುರುಮಾಡಿದರು. ಹೋಳಿಗೆ ಗಂಟಲಿಗೆ ಸಿಕ್ಕಿ, ವೀರಬಸಪ್ಪನವರು ನೆತ್ತಿ ತಟ್ಟಿದ ಮೇಲೂ ನಗುತ್ತಿದ್ದರು. "ನಾನು ಎರಡು ವರ್ಷದಿಂದ ಸರ್ಕ್ಯುಲರ್ ಕಳಿಸಿ ಕಳಿಸಿ ಸಾಕಾದೆ. ಒಬ್ಬ ಅಧಿಕಾರೀನೂ ಆ ಫೈಲ್ ಮುಟ್ಟೋದು ಬಿಡಲಿಲ್ಲ. ಇವನು ಒಂದೇ ಸಲಕ್ಕೆ ಎಲ್ಲರ ಕೈ ಕಟ್ಟಿದ್ದಾನೆ. ನನ್ನದೂ ಸೇರಿ" ಎಂದು ಕಣ್ಣೊರೆಸಿಕೊಂಡರು. "ವಾಜಿದ್ ಬಂದ ಮೇಲೆ ಸಾಲು ಸರಿ ಮಾಡೋದು ಕಲ್ತ್ಕೋ. ಕಂಪ್ಯೂಟರಲ್ಲೇ ಇರು. ಕಾಯಂ. ಅಪ್ಪಾಸಾಹೇಬರೇ, ಕಂಬ ಬಿಟ್ಟು ಬನ್ನಿ. ನಿಮ್ಮ ಹತ್ರ ಆಫೀಸಲ್ಲಿ ಮಾತಾಡ್ತೀನಿ. ಪಲ್ಯ ಚೆನ್ನಾಗಿದೆ."

ನಾವೆಲ್ಲ ಕಾರ್ಖಾನೆ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಖಾದರ್ ಬಾಷಾ ಸಾಹೇಬರನ್ನು ಟರ್ಮಿನಲ್ ಮುಂದೆ ಕೂರಿಸಿ, ಹಿಂದೆ ಜಿ.ಎಂ., ಪಕ್ಕದಲ್ಲಿ ನಾಗಲಿಂಗಪ್ಪ ನಿಂತರು. ಅವರು ಒಂದೇ ಬೆರಳಲ್ಲಿ ಅಬ್ಬಿಗೆರೆಯನ್ನು ಅಳಿಸಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಾಲು ಬರೆದರು: 'ಆರ್.ಟಿ. ನಗರದಲ್ಲಿ ಮಸೀದಿ ಹಿಂದಿನ ಗಲ್ಲಿ, ಸ್ಟಾಪು.'

"ಅಲ್ಲಿ ಯಾರ ಮನೆ ಇದೆ?" ಎಂದರು ಜಿ.ಎಂ.

"ನಂದೇ ಸಾಬ್. ಇಷ್ಟು ವರ್ಷ ಎಲ್ಲರ ಮನೆ ಮುಂದೆ ನಿಲ್ಲಿಸಿದೆ. ಮಂಡಿನೋವು" ಎಂದು ಹೇಳಿ, ಅದು ಫೈಲಿನಲ್ಲಿ ಸೇರಿತೇ ಎಂದು ಎರಡು ಸಲ ನೋಡಿದ ಮೇಲೆ ಪಟ್ಟಿ ಬದಲಿಸಲು ನಾಗಲಿಂಗಪ್ಪನಿಗೆ ಕುರ್ಚಿ ಬಿಟ್ಟುಕೊಟ್ಟರು. ಜಗತ್ತಿನಲ್ಲಿ ಅದೊಂದನ್ನು ತಡೆಯಬಲ್ಲವರು ಆ ಕ್ಷಣ ಯಾರೂ ಇರಲಿಲ್ಲ.

ಆವತ್ತು ರಾತ್ರಿಯ ರೈಲಿಗೆ ಮಾವನನ್ನು ಹತ್ತಿಸಲು ನಾನೂ ಯಶವಂತಪುರ ಸ್ಟೇಷನ್ನಿಗೆ ಹೋಗಿದ್ದೆ. ವೀರಬಸಪ್ಪನವರು ಕಿಟಕಿಯ ಸರಳು ಹಿಡಿದು ಕೂತಿದ್ದರು. ರೈಲು ಹೊರಡುವಾಗ ಹೇಳಿದರು: "ಅಳಿಯಂದ್ರ, ನಿಮ್ಮ ಮೆಷಿನ್ನು ನನಗ ತಿಳಿಯಂಗಿಲ್ಲ. ಖರೆ ಹೇಳಿದ್ರ ನೌಕರಿ ಹೋಗೂ ಹೊತ್ತಿನ್ಯಾಗ ಖರೆ ಹೇಳಿದ್ರಿ. ಅದು ತಿಳೀತು. ಗುರುವಾರ ಚಂದ್ರವ್ವನ್ನ ಕರಕೊಂಡು ಬರ್ತೇನಿ." ನಾಗಲಿಂಗಪ್ಪ ಪ್ಲಾಟ್‌ಫಾರ್ಮಿನ ತುದಿಯವರೆಗೂ ರೈಲಿನ ಜೊತೆ ಓಡಿದ.

ಗುರುವಾರ ಕೂಸು ಬಾಣಂತಿ ಬಂದರು. ಭಾನುವಾರ ನಮಗೆಲ್ಲ ಅವರ ಮನೆಯಲ್ಲಿ ಊಟ. ಮದರಾಸಿನಿಂದ ಬಂದಿದ್ದ ವಾಜಿದ್ ಸಾಹೇಬರು, ಖಾದರ್ ಬಾಷಾ, ಗಂಗರತ್ನಮ್ಮ, ನಮ್ಮ ಸಂಸಾರ. ಆ ಚಿಕ್ಕ ಕೋಣೆಯಲ್ಲಿ ಮೂರು ಪಂಕ್ತಿ ಆಯಿತು. ವಾಜಿದ್ ಸಾಹೇಬರು ಉಣ್ಣುತ್ತ ಸಾಲಿನ ಗುಟ್ಟು ವಿವರಿಸಿದರು: ಮನೆಯವರ ಹೆಸರನ್ನು ಮೊದಲು ಬರೆದಿಡಬೇಕು, 'ಎಲ್ಲರಿಗೂ ಇಲ್ಲ' ಎನ್ನುವುದು ಕಟ್ಟಕಡೆಗೆ ಬರಬೇಕು. ನಾಗಲಿಂಗಪ್ಪ ಬಡಿಸುತ್ತಲೇ ತಲೆಯಾಡಿಸಿದ. "ತಿಳೀತ್ರಿ. ಆದ್ರ ಮನಿಯವರನ್ನ ಮೊದಲ ಕೂಡಸೂದಂದ್ರ ಮನಸ್ಸು ಒಪ್ಪಂಗಿಲ್ರಿ" ಎಂದ.

ಎಲ್ಲರದೂ ಮುಗಿದ ಮೇಲೆ ಅವನು ಎಲೆ ಹಾಕಿಕೊಂಡು ಕೂತ. ಖಾದರ್ ಬಾಷಾ ಸಾಹೇಬರು ಮೂರು ಸಲ ಕೇಳಿ ಹಾಕಿಸಿಕೊಂಡಿದ್ದರು, ಗಂಗರತ್ನಮ್ಮನವರು ಮೊಮ್ಮಕ್ಕಳಿಗೆಂದು ಕಟ್ಟಿಸಿಕೊಂಡಿದ್ದರು. ಹೋಳಿಗೆಯ ಡಬ್ಬಿ ಖಾಲಿ. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ವಾಜಿದ್ ಸಾಹೇಬರು, "ನೋಡಿದ್ರಾ, ಮತ್ತೆ ಅದೇ ತಪ್ಪು" ಎಂದರು.

ಚಂದ್ರವ್ವ ಮಗುವನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ಒಳಗೆ ಹೋದಳು. ನಾಗೊಂದಿಗೆಯ ಮೇಲಿಂದ ಮುಚ್ಚಿಟ್ಟಿದ್ದ ತಟ್ಟೆ ತಂದು ಗಂಡನ ಎಲೆಗೆ ಎರಡು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದಳು.

"ಇವು ಎಲ್ಲಿದ್ದೂ?" ಎಂದ ಅವನು ಬೆರಗಾಗಿ.

"ಎಲ್ಲಾರ ಎಲಿ ಹಾಕೂಕಿಂತ ಮೊದಲ ನಿಮ್ಮದು ತಗದಿಟ್ಟಿದ್ದೆ" ಎಂದಳು ಚಂದ್ರವ್ವ. "ನೀವು ಕಡೀಗೇ ಕೂಡ್ರಿ, ಅದರಾಗ ತಪ್ಪಿಲ್ಲ."

ವಾಜಿದ್ ಸಾಹೇಬರು ಬಾಯಿಯ ಹತ್ತಿರ ತಂದಿದ್ದ ಎಲೆ ಅಡಿಕೆಯನ್ನು ಹಾಗೇ ಹಿಡಿದುಕೊಂಡು ಕೂತಿದ್ದರು. ನಾಗಲಿಂಗಪ್ಪ ಒಂದು ಹೋಳಿಗೆಯನ್ನು ಹೆಂಡತಿಗೆಂದು ಎಲೆಯ ಅಂಚಿಗೆ ಸರಿಸಿಟ್ಟು ಉಣ್ಣಲು ಶುರುಮಾಡಿದ.